ಬಾವುಟ ಇಳಿಯಿತು, ಕೊಳಗ ಯಾರ ಕೈಯಲ್ಲಿ ಉಳಿಯಿತು? – ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ ತಾಲ್ಲೂಕಿನ ನಮ್ಮೂರ ಗ್ರಂಥಾಲಯದಲ್ಲಿ ಭಾನುವಾರ ಸಂಜೆ ನಾಲ್ಕಾರು ಜನ ಸೇರಿ ಪೇಪರ್ ಓದುತ್ತೇವೆ. ಮಳೆಗಾಲದಲ್ಲಿ ಜನ ಜಾಸ್ತಿ. ಹೊರಗೆ ಧೋ ಅಂತ ಸುರಿಯುವಾಗ ತೋಟಕ್ಕಾದರೂ ಹೇಗೆ ಹೋಗುವುದು? ನೈಜರ್ ದೇಶದಿಂದ ಫ್ರಾನ್ಸಿನ ಸೈನ್ಯ ಹೊರಟ ಸುದ್ದಿ ಓದಿದ ದಿನ ಒಬ್ಬ ಪಿಯುಸಿ ಹುಡುಗ ಕೇಳಿದ: "ಸ್ವಾತಂತ್ರ್ಯ ಸಿಕ್ಕಿ ಅರವತ್ತು ವರ್ಷ ಆಯ್ತು ಅಂತೀರಿ. ಹಾಗಾದ್ರೆ ಅವರ ಸೈನ್ಯ ಇಷ್ಟು ದಿನ ಅಲ್ಲಿ ಏನ್ ಮಾಡ್ತಿತ್ತು?"

ಆವತ್ತಿನಿಂದ ಇದೇ ವಿಷಯ. ಅದೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಹೇಳಿ ಹೇಳಿ ಗಂಟಲು ಒಣಗಿತು, ಬರೆದೇ ಇಡೋಣ ಅನ್ನಿಸಿತು. ನಾನು ಇತಿಹಾಸದ ಮೇಷ್ಟ್ರಲ್ಲ. ಅಡಿಕೆ, ಮೆಣಸು ಬೆಳೆಯುವವನು. ಮಂಡಿ, ತೂಕ, ಸಾಲದ ಮಾತು ಜಾಸ್ತಿ ಬಂದರೆ ಬೇಸರ ಮಾಡಿಕೊಳ್ಳಬೇಡಿ.

ಮೊದಲು ಆ ಹುಡುಗನ ಪ್ರಶ್ನೆಗೇ ಉತ್ತರ ಹೇಳಿ. ಸೈನ್ಯ ಯಾಕಿತ್ತು?

ಒಪ್ಪಂದ ಇತ್ತು. 1960ರಲ್ಲಿ ಆಫ್ರಿಕಾದ 17 ದೇಶಗಳು ಸ್ವತಂತ್ರವಾದವು. ಅದರಲ್ಲಿ 14 ಫ್ರಾನ್ಸಿನ ಕೈಕೆಳಗೆ ಇದ್ದವು. ಸ್ವಾತಂತ್ರ್ಯದ ಕಾಗದದ ಜೊತೆಗೇ ಹಲವು ದೇಶಗಳು ರಕ್ಷಣಾ ಒಪ್ಪಂದಕ್ಕೂ ಸಹಿ ಹಾಕಿದವು. 1961ರಲ್ಲಿ ಐವರಿ ಕೋಸ್ಟ್, ದಹೋಮಿ (ಈಗಿನ ಬೆನಿನ್) ಮತ್ತು ನೈಜರ್ ಮಾಡಿಕೊಂಡ ಒಪ್ಪಂದದಲ್ಲಿ ಯುರೇನಿಯಂನಂಥ ಖನಿಜಗಳ ವಿಷಯದಲ್ಲಿ ಫ್ರಾನ್ಸಿಗೆ ಮೊದಲ ಆದ್ಯತೆ ಅಂತ ಬರೆದಿತ್ತು. ಮನೆ ಬಿಟ್ಟುಕೊಟ್ಟರು, ಹಿತ್ತಿಲ ಬಾಗಿಲ ಕೀಲಿ ಮಾತ್ರ ಜೇಬಲ್ಲೇ ಇಟ್ಟುಕೊಂಡರು.

ಆ ಸೈನ್ಯ ಈಗ ಬಹುತೇಕ ಖಾಲಿಯಾಗಿದೆ. 2022ರಲ್ಲಿ ಮಾಲಿ, 2023ರಲ್ಲಿ ಬುರ್ಕಿನಾ ಫಾಸೊ ಮತ್ತು ನೈಜರ್, 2025ರಲ್ಲಿ ಚಾಡ್ ಮತ್ತು ಸೆನೆಗಲ್. ಮಾಲಿ, ಬುರ್ಕಿನಾ, ನೈಜರ್ ಮೂರರಲ್ಲೂ ಹೊರಗೆ ಕಳಿಸಿದ್ದು ಚುನಾಯಿತ ಸರಕಾರ ಅಲ್ಲ, ಬಂದೂಕು ಹಿಡಿದು ಕುರ್ಚಿಗೆ ಬಂದವರು. ಚಪ್ಪಾಳೆ ಹೊಡೆಯುವ ಮುಂಚೆ ಇದನ್ನೂ ನೆನಪಿಡಿ.

ಎಲ್ಲದಕ್ಕೂ "ಕೊಳಗ ಯಾರದು" ಅಂತ ಕೇಳುತ್ತೀರಲ್ಲ, ಅದೇನು?

ಕಾಗೋಡು ನಮಗೆ ದೂರವಿಲ್ಲ. 1951ರಲ್ಲಿ ಅಲ್ಲಿ ಗೇಣಿ ರೈತರು ಸತ್ಯಾಗ್ರಹ ಮಾಡಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಜೈಲಿಗೆ ಹೋದರು. ಜಗಳ ಶುರುವಾದದ್ದು ಯಾವುದರಿಂದ? ಗೇಣಿ ಭತ್ತ ಅಳೆಯುವ ಕೊಳಗದಿಂದ. ಒಡೆಯರು ಗೇಣಿ ತೆಗೆದುಕೊಳ್ಳುವಾಗ ದೊಡ್ಡ ಕೊಳಗ ಇಡುತ್ತಿದ್ದರು. ಕರಾರಿನಲ್ಲಿ ಕೊಳಗದ ಲೆಕ್ಕ ಅಷ್ಟೇ. ಆದರೆ ಅಂಗಳದಲ್ಲಿ ರಾಶಿ ಕರಗುವುದೇ ಬೇರೆ ಥರ. ನಮ್ಮಜ್ಜ ಹೇಳುತ್ತಿದ್ದರು, "ಹತ್ತು ಅಂತ ಎಣಿಸೋರು ಅವ್ರೇ, ತುಂಬೋರೂ ಅವ್ರೇ. ನಮ್ದು ಚೀಲ ಹಿಡಿಯೋ ಕೆಲಸ."

1947ರ ನಂತರವೂ ಕಾಗೋಡಿನವರಿಗೆ ಒಡೆಯ ಒಡೆಯನೇ, ಗೇಣಿ ಗೇಣಿಯೇ. ಉಳುವವನಿಗೆ ಭೂಮಿ ಬರಬೇಕಾದರೆ 1974ರ ಭೂಸುಧಾರಣೆ ತನಕ ಕಾಯಬೇಕಾಯಿತು. ದೇಶ ದೇಶಗಳ ನಡುವೆಯೂ ನಾನು ನೋಡುವುದು ಇಷ್ಟೇ. ಬಾವುಟ ಇಳಿಸಿದ್ದು ಯಾವ ದಿನ ಅಂತ ಶಾಲೆಯಲ್ಲಿ ಓದಿದ್ದೇವೆ. ಆಮೇಲೆ ದರ, ನೋಟು, ಬಡ್ಡಿ, ನ್ಯಾಯ ಇವನ್ನೆಲ್ಲ ಅಳೆಯುವ ಕೊಳಗ ಯಾರ ಹತ್ತಿರ ಇತ್ತು ಅಂತ ಯಾರೂ ಹೇಳಿಕೊಡಲಿಲ್ಲ.

ನವ ವಸಾಹತುಶಾಹಿ ಅಂದರೆ ಇದೇನಾ?

ಹೌದು. ಆ ಮಾತನ್ನು ಜಗತ್ತಿಗೆಲ್ಲ ಹಬ್ಬಿಸಿದವರು ಘಾನಾದ ನಾಯಕ ಕ್ವಾಮೆ ಎನ್ಕ್ರುಮಾ. ದೇಶ ಹೆಸರಿಗೆ ಸ್ವತಂತ್ರ, ಹಣಕಾಸು ಮತ್ತು ನೀತಿ ಹೊರಗಿನವರ ಕೈಯಲ್ಲಿ. ಬಳಸಿ ಬಳಸಿ ಈಗ ಈ ಪದ ಸವೆದಿದೆ. ಯಾರಿಗಾದರೂ ಬಯ್ಯಬೇಕಾದರೆ ಸಾಕು, ಇದನ್ನು ಎತ್ತುತ್ತಾರೆ.

ಬಿಟ್ಟು ಹೋಗುವಾಗ ಲೆಕ್ಕ ಚುಕ್ತಾ ಮಾಡಿ ಹೋಗಲಿಲ್ವಾ?

ಮಾಡಿದರು. ಬಿಲ್ಲು ಬಂದದ್ದು ಯಾರ ಹೆಸರಿಗೆ ಅನ್ನುವುದೇ ಮಜಾ.

ಹೈಟಿಯಿಂದ ಶುರು ಮಾಡೋಣ. ಅಲ್ಲಿ ಗುಲಾಮರೇ ದಂಗೆ ಎದ್ದು, ಫ್ರಾನ್ಸಿನ ಸೈನ್ಯವನ್ನು ಸೋಲಿಸಿ 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸಿನ ಯುದ್ಧನೌಕೆಗಳು ಬಂದು ನಿಂತವು. ನಮ್ಮ ತೋಟಗಳು ಹೋದವು, ನಮ್ಮ ಆಳುಗಳು ಹೋದರು, 15 ಕೋಟಿ ಫ್ರಾಂಕ್ ಪರಿಹಾರ ಕೊಡಿ ಅಂದರು. ಗುಲಾಮರಾಗಿದ್ದವರು ತಮ್ಮ ಮೈಯ ಬೆಲೆಯನ್ನು ತಾವೇ ಕಟ್ಟಬೇಕು! ಮೊದಲ ಕಂತು ಕಟ್ಟಲು ದುಡ್ಡಿರಲಿಲ್ಲ. ಸಾಲ ಮಾಡಿದರು, ಅದೂ ಫ್ರಾನ್ಸಿನ ಬ್ಯಾಂಕುಗಳಿಂದ. 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಿದರು. ಆದರೂ ಅದರ ಬಾಲ ಹಿಡಿದು ಬಂದ ಸಾಲ ಪೂರ್ತಿ ತೀರಿದ್ದು 1947ರಲ್ಲಿ. ಇದನ್ನು ಓದಿದ ದಿನ ನಮ್ಮಲ್ಲಿ ಯಾರೂ ಟೀ ಕುಡಿಯಲು ಏಳಲಿಲ್ಲ.

ಇಂಡೋನೇಷ್ಯಾ ಕಥೆ ಹತ್ತಿರದ್ದು. 1949ರಲ್ಲಿ ಡಚ್ಚರು ಅಧಿಕಾರ ಬಿಟ್ಟುಕೊಟ್ಟರು, ಜೊತೆಗೆ ತಮ್ಮ ವಸಾಹತು ಸರಕಾರದ ಸಾಲವನ್ನೂ ಬಿಟ್ಟುಕೊಟ್ಟರು. ಸುಮಾರು 430 ಕೋಟಿ ಗಿಲ್ಡರ್. ಇಂಡೋನೇಷ್ಯಾದವರ ಮೇಲೆ ಗುಂಡು ಹಾರಿಸಲು ಖರ್ಚಾದ ದುಡ್ಡೂ ಆ ಲೆಕ್ಕದೊಳಗೆ ಸೇರಿದೆ ಅಂತ ಅವರು ವಾದಿಸಿದರು. 1956ರಲ್ಲಿ ಕಟ್ಟುವುದನ್ನೇ ನಿಲ್ಲಿಸಿದರು.

ಗಿನಿ ಬೇರೆ ಥರ. 1958ರಲ್ಲಿ ಫ್ರಾನ್ಸಿನ ನಾಯಕ ಡಿ ಗಾಲ್ ಆಫ್ರಿಕಾದ ತಮ್ಮ ವಸಾಹತುಗಳಿಗೆ ಕೇಳಿದರು, ನಮ್ಮ ಕೂಟದೊಳಗೆ ಇರುತ್ತೀರಾ, ಇಲ್ಲವಾ? ಎಲ್ಲರೂ ಹೂಂ ಅಂದರು. ಗಿನಿ ಒಂದೇ ಇಲ್ಲ ಅಂದಿತು. ಕೂಡಲೇ ಫ್ರೆಂಚರು ಗಂಟುಮೂಟೆ ಕಟ್ಟಿದರು. ಕಡತ ಒಯ್ದರು, ಟೆಲಿಫೋನ್ ಕಿತ್ತರು, ಬಲ್ಬು ಸಮೇತ ಬಿಚ್ಚಿದರು ಅಂತ ಆ ಕಾಲದ ವರದಿಗಳು ಹೇಳುತ್ತವೆ. ಆಗ ತಾನೇ ಕಣ್ಣು ಬಿಟ್ಟಿದ್ದ ಘಾನಾ ಒಂದು ಕೋಟಿ ಪೌಂಡ್ ಸಾಲ ಕೊಟ್ಟು ಕೈ ಹಿಡಿಯಿತು.

ಭಾರತದ ಲೆಕ್ಕ ಏನಾಯಿತು?

ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಸಾಲ ಇದ್ದದ್ದು ನಮಗಲ್ಲ, ಬ್ರಿಟನ್ನಿಗೆ. ಯುದ್ಧಕ್ಕೆ ಇಲ್ಲಿಂದ ಸಾಮಾನು, ಸೈನಿಕರು, ಸೇವೆ ಎಲ್ಲ ತೆಗೆದುಕೊಂಡು ಲಂಡನ್ನಿನ ಖಾತೆಯಲ್ಲಿ ಬರೆದಿಟ್ಟಿದ್ದರು. ಸುಮಾರು 130 ಕೋಟಿ ಪೌಂಡ್. ಆ ಸಾಮಾನಿನ ದುಡ್ಡಿಗೆ ಇಲ್ಲಿ ನೋಟು ಮುದ್ರಿಸಿದ್ದರಿಂದ ಬೆಲೆ ಏರಿತು, 1943ರಲ್ಲಿ ಬಂಗಾಳ ಹಸಿವಿನಿಂದ ಸಾಯುವುದಕ್ಕೆ ಅದೂ ಒಂದು ಕಾರಣವಾಯಿತು.

ಆ ದುಡ್ಡು ಕೊಡಿ ಅಂದರೆ? ಖಾತೆಗೆ ಬೀಗ. ಕಂತು ಕಂತಾಗಿ ಬಿಡುತ್ತೇವೆ ಅಂದರು. ಇಲ್ಲೇ ಬಿಟ್ಟುಹೋದ ಮಿಲಿಟರಿ ಸಾಮಾನಿಗೆ ಅದರಲ್ಲೇ ಕಡಿತ, ನಿವೃತ್ತ ಬ್ರಿಟಿಷ್ ಅಧಿಕಾರಿಗಳ ಪಿಂಚಣಿಗೂ ಅದರಲ್ಲೇ ಕಡಿತ. 1949ರಲ್ಲಿ ಪೌಂಡಿನ ಬೆಲೆಯನ್ನೇ ಡಾಲರ್ ಎದುರು ಇಳಿಸಿದರು. ಅಡಿಕೆ ಕೊಟ್ಟು ಚೀಟಿ ತಂದವನಿಗೆ ಈ ನೋವು ಗೊತ್ತಾಗುತ್ತದೆ. ಚೀಟಿ ನಮ್ಮದೇ, ದುಡ್ಡೂ ನಮ್ಮದೇ, ಕೊಡುವ ದಿನ ಮಾತ್ರ ಸಾಹುಕಾರರದ್ದು.

ಮೈಸೂರಲ್ಲಿ ರಾಜರಿದ್ದರು. ನಮ್ಮ ಶಿವಮೊಗ್ಗ ವಸಾಹತು ಆಗಿತ್ತು ಅನ್ನಬಹುದಾ?

ಒಳ್ಳೆಯ ಪ್ರಶ್ನೆ. ಆಫ್ರಿಕಾದಲ್ಲಿ 1960ರ ನಂತರ ನಡೆದದ್ದರ ಹಳೆಯ ಪ್ರತಿ ನಮ್ಮಲ್ಲೇ ಇದೆ ಅಂತ ನನ್ನ ಅಂದಾಜು.

1799ರಲ್ಲಿ ಟಿಪ್ಪು ಸತ್ತ ಮೇಲೆ ಒಡೆಯರ್ ಮನೆತನವನ್ನು ಮತ್ತೆ ಕೂರಿಸಿದರು. ರಾಜ, ಸಿಂಹಾಸನ, ದಸರಾ ಎಲ್ಲ ಇತ್ತು. ಜೊತೆಗೆ ವರ್ಷಕ್ಕೆ 7 ಲಕ್ಷ ಪಗೋಡ (ಆ ಕಾಲದ ಚಿನ್ನದ ನಾಣ್ಯ) ಈಸ್ಟ್ ಇಂಡಿಯಾ ಕಂಪನಿಗೆ ಕಟ್ಟಬೇಕು ಅಂತಲೂ ಇತ್ತು. ಆ ಭಾರ ಕೊನೆಗೆ ಯಾರ ತಲೆಗೆ? ಕಂದಾಯ ಗುತ್ತಿಗೆ ಹಿಡಿದವರು ರೈತರನ್ನು ಹಿಂಡಿದರು. 1830ರಲ್ಲಿ ನಗರದ ಸೀಮೆಯ (ಈಗಿನ ಹೊಸನಗರದ ಕಡೆಯ) ರೈತರು ಕೂಟ ಸೇರಿದರು. ಕೆಳದಿ ವಂಶದವನು ನಾನು ಅಂತ ಬೂದಿ ಬಸವಪ್ಪ ನಾಯಕ ಮುಂದೆ ನಿಂತ. ಅದೇ ನಗರ ದಂಗೆ. ಅದನ್ನೇ ನೆಪ ಮಾಡಿ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ವಾಪಸ್ ಕೊಟ್ಟದ್ದು 1881ರಲ್ಲಿ, ಐವತ್ತು ವರ್ಷದ ಮೇಲೆ. ಕೊಡುವಾಗ ಕಪ್ಪವನ್ನು 35 ಲಕ್ಷ ರೂಪಾಯಿಗೆ ಏರಿಸಿದರು.

ಹೊಸನಗರದ ಕಡೆ ಹೋದರೆ ನಗರದ ಕೋಟೆ ಹತ್ತಿ ನೋಡಿ. ಪಾಚಿ ಕಟ್ಟಿದ ಕಲ್ಲು, ಮಧ್ಯೆ ಕೊಳ. ಒಂದು ಕಾಲಕ್ಕೆ ಇದು ಬಿದನೂರು, ಕೆಳದಿ ಅರಸರ ರಾಜಧಾನಿ. ಇಲ್ಲಿಂದಲೇ ಶಿವಪ್ಪ ನಾಯಕ ಕರಾವಳಿಯ ಪೋರ್ಚುಗೀಸರನ್ನು ಕೋಟೆ ಕೋಟೆಯಿಂದ ಓಡಿಸಿದ. ಅದಕ್ಕೂ ಮೊದಲು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅದೇ ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆಯುತ್ತಿದ್ದರು. ಆ ಕಾಲಕ್ಕೆ ಮೆಣಸು ಬೇಕಾದವರು ನಮ್ಮ ಘಟ್ಟದ ಬುಡಕ್ಕೆ ಬಂದು ದರ ಕೇಳಬೇಕಿತ್ತು.

ಇನ್ನು ಈಸೂರಿನ ಮಾತು ಬಿಡಲಾಗುವುದಿಲ್ಲ. 1942ರಲ್ಲಿ ಶಿಕಾರಿಪುರದ ಆ ಹಳ್ಳಿ ತಾನೇ ಸ್ವತಂತ್ರ ಅಂತ ಸಾರಿಕೊಂಡಿತು. ಏಸೂರು ಕೊಟ್ಟರೂ ಈಸೂರು ಕೊಡೆವು ಅಂದರು. 1943ರಲ್ಲಿ ಐದು ಜನರನ್ನು ಗಲ್ಲಿಗೆ ಹಾಕಿದರು. ಹಾಕಿದ್ದು ಮೈಸೂರು ಸರಕಾರ. ಹಗ್ಗ ಎಳೆಯುವ ಕೈ ನಮ್ಮದೇ ಆಗಿರುತ್ತದೆ, ಇದು ಆಫ್ರಿಕಾದ ಕಥೆಯಲ್ಲೂ ಮತ್ತೆ ಮತ್ತೆ ಸಿಗುತ್ತದೆ.

ನೋಟು ಕೂಡ ಬೇರೆಯವರದ್ದು ಅಂತ ಹೇಳಿದಿರಿ. ಅದು ಹೇಗೆ?

ಸಿಎಫ್‌ಎ ಫ್ರಾಂಕ್ ಅಂತ ಒಂದು ನೋಟಿದೆ. ಶುರುವಾದದ್ದು 1945ರಲ್ಲಿ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ 14 ದೇಶಗಳಲ್ಲಿ ಈಗಲೂ ನಡೆಯುತ್ತದೆ. ಅಚ್ಚು ಹಾಕುವುದು ಫ್ರಾನ್ಸಿನಲ್ಲಿ. ಮೊದಲು ಫ್ರೆಂಚ್ ಫ್ರಾಂಕಿಗೆ ಕಟ್ಟಿತ್ತು, ಈಗ ಯೂರೋಗೆ. ಒಂದು ಯೂರೋಗೆ 655.957, ಚುಕ್ಕೆ ಆಚೀಚೆ ಆಗುವ ಹಾಗಿಲ್ಲ.

ನೋಟಿಗೆ ಫ್ರಾನ್ಸ್ ಖಾತರಿ ಕೊಡುತ್ತದೆ. ಅದಕ್ಕೆ ಬದಲಾಗಿ ಈ ದೇಶಗಳು ತಮ್ಮ ವಿದೇಶಿ ದುಡ್ಡಿನ ದೊಡ್ಡ ಪಾಲನ್ನು, ಇತ್ತೀಚಿನ ತನಕ ಅರ್ಧದಷ್ಟನ್ನು, ಫ್ರಾನ್ಸಿನ ಖಜಾನೆಯಲ್ಲಿ ಇಡಬೇಕಿತ್ತು. ಪಶ್ಚಿಮದ ಎಂಟು ದೇಶಗಳಿಗೆ ಈ ಕಟ್ಟಳೆ ತೆಗೆಯುವ ಒಪ್ಪಂದ 2019ರ ಡಿಸೆಂಬರಿನಲ್ಲಿ ಆಯಿತು. ಮಧ್ಯ ಆಫ್ರಿಕಾದ ಆರು ದೇಶಗಳು ಅದರೊಳಗೆ ಸೇರಿರಲಿಲ್ಲ.

ಇದರಿಂದ ಲಾಭ ಇಲ್ವೇ ಇಲ್ಲ ಅನ್ನುವುದು ತಪ್ಪು. ಪಕ್ಕದ ಘಾನಾದಲ್ಲಿ, ನೈಜೀರಿಯಾದಲ್ಲಿ ಬೆಲೆ ಬಾಯಿಗೆ ಬಂದ ಹಾಗೆ ಏರಿದಾಗಲೂ ಈ ದೇಶಗಳಲ್ಲಿ ಅಷ್ಟು ಏರಲಿಲ್ಲ. ಸಂಬಳದವರಿಗೆ, ಊರಿಗೆ ದುಡ್ಡು ಕಳಿಸುವವರಿಗೆ ಇದು ದೊಡ್ಡ ಸಮಾಧಾನ. ಆದರೆ 1994ರ ಜನವರಿಯಲ್ಲಿ ಏನಾಯಿತು ನೋಡಿ. ಒಂದು ಫ್ರೆಂಚ್ ಫ್ರಾಂಕಿಗೆ 50 ಇದ್ದದ್ದು ಒಂದೇ ಏಟಿಗೆ 100 ಆಯಿತು. ಹೊರಗಿನಿಂದ ಬರುವ ಔಷಧಿ, ಹಾಲಿನ ಪುಡಿ, ಅಕ್ಕಿ ಎಲ್ಲದಕ್ಕೂ ಎರಡು ಪಟ್ಟು ಎಣಿಸಬೇಕಾಯಿತು. ಕೊಳಗದ ಗಾತ್ರ ರಾತ್ರೋರಾತ್ರಿ ಬದಲಾಯಿತು.

ಕಾಫಿ, ಕೋಕೋ ಬೆಳೆಯುವವರು ಬಡ ದೇಶದವರು. ದರ ಕಟ್ಟುವವರು ಬೇರೆ ಯಾಕೆ?

ಚಿಕ್ಕಮಗಳೂರು, ಕೊಪ್ಪದ ಕಡೆ ನೆಂಟರಿದ್ದರೆ ಅವರನ್ನು ಕೇಳಿ. ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ನೋಡುವುದು ನ್ಯೂಯಾರ್ಕ್ ಮತ್ತು ಲಂಡನ್. ಅರೇಬಿಕಾ ದರ ನ್ಯೂಯಾರ್ಕಿನಲ್ಲಿ, ರೊಬಸ್ಟಾ ದರ ಲಂಡನ್ನಿನಲ್ಲಿ. ಎರಡು ಊರಲ್ಲೂ ಒಂದು ಕಾಫಿ ಗಿಡ ಇಲ್ಲ.

ಇದಕ್ಕೆ ಕಾರಣ ಬರೀ ಮೋಸ ಅಲ್ಲ. ವಸಾಹತು ಕಾಲದಲ್ಲಿ ತೋಟ ಇಲ್ಲಿ, ಗೋದಾಮು ಅಲ್ಲಿ, ಹಡಗು ಅವರದ್ದು, ವಿಮೆ ಅವರದ್ದು, ಹುರಿಯುವ ಒಲೆಯೂ ಅವರದ್ದು. ಬಾವುಟ ಇಳಿದ ದಿನ ಗೋದಾಮು ಜಾಗ ಬಿಟ್ಟು ಕದಲಲಿಲ್ಲ. ಮೇಲೆ ಸುಂಕದ ಆಟ. ಹಸಿ ಸರಕಿಗೆ ಸುಂಕ ಕಡಿಮೆ ಅಥವಾ ಇಲ್ಲವೇ ಇಲ್ಲ, ಹುರಿದು ಪುಡಿ ಮಾಡಿ ಡಬ್ಬಿ ಹಾಕಿದಷ್ಟೂ ಜಾಸ್ತಿ. ನೀವು ಬೆಳೆಯಿರಿ, ರುಚಿ ನಾವು ಮಾಡುತ್ತೇವೆ ಅನ್ನುವ ಲೆಕ್ಕ. 1975ರ ಲೋಮೆ ಒಪ್ಪಂದದಲ್ಲಿ ಯುರೋಪು ಬಹುತೇಕ ತನ್ನ ಹಳೆಯ ವಸಾಹತುಗಳೇ ಆಗಿದ್ದ 46 ದೇಶಗಳಿಗೆ ಸುಂಕದಲ್ಲಿ ಒಂದಿಷ್ಟು ಸಡಿಲಿಕೆ ಕೊಟ್ಟಿತು ನಿಜ. ಹಾಗಿದ್ದರೂ ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಕೋಕೋ ಬೆಳೆಯುವ ಐವರಿ ಕೋಸ್ಟ್ ಮತ್ತು ಘಾನಾದ ಹೆಸರು ಹೇಳಿದರೆ ಯಾರಿಗೂ ಚಾಕೊಲೇಟ್ ನೆನಪಾಗುವುದಿಲ್ಲ. ಸ್ವಿಟ್ಜರ್ಲೆಂಡ್ ಅಂದರೆ ಆಗುತ್ತದೆ, ಅಲ್ವಾ?

ದರಕ್ಕೆ ಬೇಲಿ ಹಾಕುವ ಪ್ರಯತ್ನವೂ ನಡೆದಿತ್ತು. 1962ರ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿ ಬೆಳೆಯುವವರು, ಕುಡಿಯುವವರು ಒಟ್ಟಿಗೆ ಕೂತು ಯಾವ ದೇಶ ಎಷ್ಟು ಮಾರಬೇಕು ಅಂತ ಗೊತ್ತು ಮಾಡುತ್ತಿದ್ದರು. 1989ರಲ್ಲಿ ಆ ಕೋಟಾ ಮುರಿದು ಬಿತ್ತು, ದರ ಪಾತಾಳಕ್ಕೆ ಹೋಯಿತು.

ನನಗೆ ತುಂಬಾ ಇಷ್ಟವಾದ ಕಥೆ ಮಲೇಷ್ಯಾದ್ದು. 1957ರಲ್ಲಿ ಸ್ವಾತಂತ್ರ್ಯ ಬಂದರೂ ಅಲ್ಲಿನ ದೊಡ್ಡ ರಬ್ಬರ್, ತಾಳೆ ತೋಟಗಳು ಬ್ರಿಟಿಷ್ ಕಂಪನಿಗಳ ಕೈಯಲ್ಲೇ ಇದ್ದವು. ಅದರಲ್ಲಿ ಗಥ್ರೀ ಒಂದು. 1981ರ ಸೆಪ್ಟೆಂಬರ್ 7ರ ಬೆಳಿಗ್ಗೆ ಲಂಡನ್ ಷೇರುಪೇಟೆ ತೆರೆಯುತ್ತಿದ್ದ ಹಾಗೆ ಮಲೇಷ್ಯಾ ಸರಕಾರದ ಹೂಡಿಕೆ ಸಂಸ್ಥೆ ಗಥ್ರೀ ಷೇರು ಕೊಳ್ಳಲು ಶುರು ಮಾಡಿತು. ಮಧ್ಯಾಹ್ನದ ಊಟದ ಹೊತ್ತಿಗೆ ಕಂಪನಿ ಅವರದ್ದು! ಕಲ್ಲು ಹೊಡೆಯಲಿಲ್ಲ, ಕಾನೂನು ಮುರಿಯಲಿಲ್ಲ. ಅವರ ಅಂಗಡಿಗೇ ಹೋಗಿ, ಅವರದೇ ತಕ್ಕಡಿಯಲ್ಲಿ ತೂಗಿಸಿ, ದುಡ್ಡು ಎಣಿಸಿ ಕೊಟ್ಟು ಬಂದರು. ಲಂಡನ್ನಿನವರು ಸಿಟ್ಟಾಗಿ ಆಮೇಲೆ ಷೇರುಪೇಟೆಯ ನಿಯಮವನ್ನೇ ಬಿಗಿ ಮಾಡಿದರು.

ಎದುರು ನಿಂತವರಿಗೆ ಏನಾಯಿತು?

ಇರಾನ್ ಹೆಸರಿಗೆ ವಸಾಹತು ಆಗಿರಲಿಲ್ಲ, ಆದರೆ ಎಣ್ಣೆ ಬ್ರಿಟಿಷರದ್ದಾಗಿತ್ತು. 1951ರಲ್ಲಿ ಪ್ರಧಾನಿ ಮೊಸಾದಿಕ್ ಅದನ್ನು ರಾಷ್ಟ್ರೀಕರಣ ಮಾಡಿದರು, 1953ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಗೂಢಚಾರರು ಸೇರಿ ಅವರನ್ನು ಕೆಳಗಿಳಿಸಿದರು. ಈಜಿಪ್ಟಿನ ನಾಸೆರ್ 1956ರಲ್ಲಿ ಸೂಯೆಜ್ ಕಾಲುವೆ ತೆಗೆದುಕೊಂಡರು. ಬ್ರಿಟನ್, ಫ್ರಾನ್ಸ್, ಇಸ್ರೇಲ್ ಮೂವರೂ ಏರಿ ಹೋದರು, ಅಮೆರಿಕ ಗದರಿದ ಮೇಲೆ ಬಾಲ ಮುದುರಿಕೊಂಡು ಬಂದರು. ಗೆದ್ದದ್ದು ನಾಸೆರ್.

ಬೆಲ್ಜಿಯಂ ಆಳುತ್ತಿದ್ದ ಕಾಂಗೋದ ಮೊದಲ ಪ್ರಧಾನಿ ಲುಮುಂಬಾಗೆ ಆ ಅದೃಷ್ಟ ಇರಲಿಲ್ಲ. 1960ರ ಜೂನ್ 30ರಂದು ಸ್ವಾತಂತ್ರ್ಯ. ಎರಡು ವಾರದೊಳಗೆ ತಾಮ್ರದ ಗಣಿ ಇರುವ ಕಟಾಂಗಾ ಪ್ರಾಂತ್ಯ, ಬೆಲ್ಜಿಯಂ ಬೆಂಬಲದಿಂದ, ನಾವು ಬೇರೆ ಅಂದಿತು. 1961ರ ಜನವರಿ 17ರಂದು ಲುಮುಂಬಾರನ್ನು ಕೊಂದರು. ದೇಹವನ್ನು ಆಸಿಡ್‌ನಲ್ಲಿ ಕರಗಿಸಿದರು. ಆ ಕೆಲಸ ಮಾಡಿದ ಬೆಲ್ಜಿಯಂ ಪೊಲೀಸ್ ಅಧಿಕಾರಿಯೊಬ್ಬ ಒಂದು ಹಲ್ಲನ್ನು ಇಟ್ಟುಕೊಂಡಿದ್ದ. ಬೆಲ್ಜಿಯಂ ಕ್ಷಮೆ ಕೇಳಿದ್ದು 2002ರಲ್ಲಿ. ಆ ಹಲ್ಲು ಮಕ್ಕಳ ಕೈಗೆ ಬಂದದ್ದು 2022ರಲ್ಲಿ. ಒಂದು ಚಿನ್ನದ ಕಟ್ಟಿನ ಹಲ್ಲು, ಅಷ್ಟೇ ಉಳಿದದ್ದು.

ಅಣೆಕಟ್ಟು ಕಟ್ಟಿ, ಕಾರ್ಖಾನೆ ಮಾಡಿ ಮುಂದೆ ಬರಬಹುದಿತ್ತಲ್ಲ?

ಎನ್ಕ್ರುಮಾ ಹಾಗೇ ಅಂದುಕೊಂಡರು. ವೋಲ್ಟಾ ನದಿಗೆ ಅಕೊಸೊಂಬೊ ಅಣೆಕಟ್ಟು ಕಟ್ಟಿಸಿದರು. 1965ಕ್ಕೆ ಮುಗಿಯಿತು. ಸುಮಾರು 80 ಸಾವಿರ ಜನ ಮನೆ ಬಿಟ್ಟರು. ಘಾನಾದಲ್ಲಿ ಬಾಕ್ಸೈಟ್ ಮಣ್ಣಿದೆ, ಕರೆಂಟ್ ಬಂದರೆ ಅಲ್ಯೂಮಿನಿಯಂ ಮಾಡೋಣ ಅನ್ನುವುದು ಕನಸು. ದುಡ್ಡು ಹಾಕಿದ ಅಮೆರಿಕದ ಕಂಪನಿ ಅಲ್ಲಿ ಕುಲುಮೆ ಕಟ್ಟಿತು, ಅಗ್ಗದ ದರಕ್ಕೆ ಕರೆಂಟ್ ತೆಗೆದುಕೊಂಡಿತು, ಆದರೆ ಕಚ್ಚಾ ಸಾಮಾನನ್ನು ಹೊರದೇಶದಿಂದ ಹಡಗಲ್ಲಿ ತಂದಿತು. ಘಾನಾದ ಮಣ್ಣು ಘಾನಾದಲ್ಲೇ ಬಿದ್ದಿತ್ತು. 1966ರ ಜನವರಿಯಲ್ಲಿ ಅಣೆಕಟ್ಟಿನ ಉದ್ಘಾಟನೆ, ಫೆಬ್ರವರಿಯಲ್ಲಿ ಸೈನ್ಯ ಎನ್ಕ್ರುಮಾರನ್ನೇ ಇಳಿಸಿತು.

ಇದನ್ನು ಓದುವಾಗ ಶರಾವತಿ ಹಿನ್ನೀರಿನ ತುಮರಿ ಕಡೆಯ ಒಬ್ಬರು ನಮ್ಮ ಜೊತೆ ಕೂತಿದ್ದರು. "ನಮ್ದೂ ಇದೇ ಅಲ್ವಾ" ಅಂದರು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು 1964ರದ್ದು, ಹೆಚ್ಚುಕಮ್ಮಿ ಅಕೊಸೊಂಬೊದ ವಾರಿಗೆಯದ್ದು. ಶರಾವತಿ ಕರೆಂಟು ರಾಜ್ಯವನ್ನೆಲ್ಲ ಬೆಳಗಿತು. ಮುಳುಗಡೆಯವರು ಹೊಳೆ ದಾಟಲು ಲಾಂಚಿಗೆ ಕಾದರು, 2025ರಲ್ಲಿ ಸಿಗಂದೂರು ಸೇತುವೆ ಆಗುವ ತನಕ. ಭೂಮಿಯ ಹಕ್ಕುಪತ್ರಕ್ಕೆ ಇನ್ನೂ ಕಾಯುತ್ತಿರುವವರಿದ್ದಾರೆ. ಇಲ್ಲಿ ಪರದೇಶಿ ಕಂಪನಿ ಇರಲಿಲ್ಲ. ಅವರ ಮಾತಿಗೆ ಏನು ಹೇಳಬೇಕೋ ನನಗೆ ತೋಚಲಿಲ್ಲ, ಈಗಲೂ ತೋಚುವುದಿಲ್ಲ.

ಬಾಂಡುಂಗ್, ಅಲಿಪ್ತ ಚಳವಳಿ ಎಲ್ಲ ಬರೀ ಭಾಷಣವಾ?

ಪೂರ್ತಿ ಅಲ್ಲ. 1955ರಲ್ಲಿ ಇಂಡೋನೇಷ್ಯಾದ ಬಾಂಡುಂಗಿನಲ್ಲಿ ಏಷ್ಯಾ, ಆಫ್ರಿಕಾದ 29 ದೇಶಗಳು ಸೇರಿದವು. 1961ರಲ್ಲಿ ಬೆಲ್‌ಗ್ರೇಡಿನಲ್ಲಿ ಅಲಿಪ್ತರ, ಅಂದರೆ ಅಮೆರಿಕ, ರಷ್ಯಾ ಎರಡೂ ಬಣಕ್ಕೆ ಸೇರದವರ, ಮೊದಲ ಸಭೆ. 1964ರಲ್ಲಿ 77 ದೇಶಗಳ ಗುಂಪು. 1974ರಲ್ಲಿ ವಿಶ್ವಸಂಸ್ಥೆಯಲ್ಲಿ ಹೊಸ ಆರ್ಥಿಕ ವ್ಯವಸ್ಥೆ ಬೇಕು ಅಂತ ಘೋಷಣೆಯನ್ನೂ ಮಾಡಿಸಿದರು. ಕೈ ಎತ್ತುವ ಸಭೆಯಲ್ಲಿ ಗೆದ್ದರು. ಆದರೆ ದುಡ್ಡಿನ ಸಭೆಯಲ್ಲಿ ಕೈ ಎಣಿಸುವುದಿಲ್ಲ. ಐಎಂಎಫ್‌ನಲ್ಲಿ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ದೊಡ್ಡ ತೀರ್ಮಾನಕ್ಕೆ ನೂರಕ್ಕೆ 85 ಮತ ಬೇಕು, ಅಮೆರಿಕ ಒಂದರ ಕೈಯಲ್ಲೇ ಸುಮಾರು 16 ಇದೆ. ಅದು ಬೇಡ ಅಂದರೆ ಮುಗಿಯಿತು.

ನಮ್ಮ ಮಲೆನಾಡಿನಲ್ಲೇ ಬಡ ದೇಶಗಳ ಪರಸ್ಪರ ವ್ಯಾಪಾರದ ಒಂದು ಪ್ರಯೋಗ ನಡೆದಿದೆ ಗೊತ್ತಾ? ಕುದುರೆಮುಖದ ಕಬ್ಬಿಣದ ಅದಿರಿನ ಗಣಿ. ಅದಕ್ಕೆ ದುಡ್ಡು ಕೊಡಲು ಒಪ್ಪಿದ್ದು ಇರಾನಿನ ಶಾ. ಅದಿರು ಪೂರ್ತಿ ಇರಾನಿಗೆ. 67 ಕಿಲೋಮೀಟರ್ ಕೊಳವೆಯಲ್ಲಿ ಅದಿರಿನ ರಾಡಿ ಮಂಗಳೂರಿಗೆ ಇಳಿಯಬೇಕು. ಅಷ್ಟರಲ್ಲಿ 1979ರ ಕ್ರಾಂತಿ ಬಂತು. ಶಾ ಓಡಿಹೋದರು, ಅದಿರು ಕೊಳ್ಳುವವರೇ ಇಲ್ಲ. ಆಮೇಲೆ ಬೇರೆ ಗಿರಾಕಿಗಳನ್ನು ಹುಡುಕಿದರು. 2005ರ ಕೊನೆಗೆ ಗಣಿ ನಿಂತಿತು. ತುಂಗೆ, ಭದ್ರೆ ಹುಟ್ಟುವ ಗುಡ್ಡದ ಮಗ್ಗುಲಿನಲ್ಲಿ ಆ ಹೂಳಿನ ಅಣೆಕಟ್ಟು ಇನ್ನೂ ಇದೆ.

ನೆರವು ಕೊಟ್ಟರಲ್ಲ?

ಕೊಟ್ಟರು. 1954ರ ಅಮೆರಿಕದ ಕಾನೂನಿನಡಿ ಗೋಧಿ ಬಂತು. ಹಳಬರಿಗೆ ಪಿಎಲ್ 480 ಅಂದರೆ ಗೊತ್ತಾಗುತ್ತದೆ. 1965–66ರ ಬರದಲ್ಲಿ ಅದು ಜೀವ ಉಳಿಸಿತು. ಅದೇ ಹೊತ್ತಿಗೆ ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಮಾತಾಡಿದ್ದಕ್ಕೆ ಅಧ್ಯಕ್ಷ ಜಾನ್ಸನ್ ಹಡಗನ್ನು ತಿಂಗಳು ತಿಂಗಳು ಲೆಕ್ಕ ಹಾಕಿ ಬಿಟ್ಟರು. ಹಸಿರು ಕ್ರಾಂತಿಗೆ ದೆಹಲಿ ಅಷ್ಟು ಅವಸರ ಮಾಡಿದ್ದಕ್ಕೆ ಈ ಅವಮಾನವೂ ಒಂದು ಕಾರಣ.

ಉಕ್ಕಿನ ಕಾರ್ಖಾನೆ ವಿಷಯದಲ್ಲಿ ನಮ್ಮವರು ಜಾಣರು. ಭಿಲಾಯಿಗೆ ರಷ್ಯಾ, ರೂರ್ಕೆಲಾಗೆ ಜರ್ಮನಿ, ದುರ್ಗಾಪುರಕ್ಕೆ ಬ್ರಿಟನ್. ಒಬ್ಬನೇ ಸಾಹುಕಾರನ ಹತ್ತಿರ ಖಾತೆ ಇಡಬಾರದು ಅನ್ನುವುದು ಯಾವ ರೈತನಿಗೆ ಗೊತ್ತಿಲ್ಲ? ಅದಕ್ಕೂ ಎಷ್ಟೋ ಮೊದಲು, 1923ರಲ್ಲಿ, ಮೈಸೂರು ಸಂಸ್ಥಾನ ಭದ್ರಾವತಿಯಲ್ಲಿ ಇಲ್ಲಿನ ಕಾಡಿನ ಇದ್ದಿಲು ಹಾಕಿ ಕಬ್ಬಿಣ ಇಳಿಸಿತ್ತು. ಕಾಡು ಎಷ್ಟು ಹೋಯಿತು ಅನ್ನುವುದು ಬೇರೆ ಮಾತು.

ಎಲ್ಲಾ ತಪ್ಪೂ ಬಿಳಿಯರದ್ದೇನಾ?

ಅಲ್ಲ. ಕಾಂಗೋವನ್ನು 1965ರಿಂದ 1997ರ ತನಕ ದೋಚಿದ ಮೊಬುಟು ಅಲ್ಲಿಯವನೇ. ಬೆನ್ನ ಹಿಂದೆ ಯಾರಿದ್ದರು ಅನ್ನುವುದು ನಿಜ, ಜೇಬು ತುಂಬಿಸಿಕೊಂಡದ್ದೂ ನಿಜ.

ಬೋಟ್ಸ್ವಾನಾ ನೋಡಿ. 1966ರಲ್ಲಿ ಸ್ವತಂತ್ರವಾದಾಗ ತೀರಾ ಬಡ ದೇಶ. ಮರುವರ್ಷವೇ ವಜ್ರ ಸಿಕ್ಕಿತು. ಡಿ ಬೀರ್ಸ್ ಕಂಪನಿ ಜೊತೆ ಚೌಕಾಸಿ ಮಾಡುತ್ತಾ ಹೋಗಿ ಪಾಲನ್ನು ಅರ್ಧಕ್ಕರ್ಧ ಮಾಡಿಕೊಂಡಿತು. ಅಷ್ಟಕ್ಕೇ ನಿಲ್ಲಲಿಲ್ಲ. ವಜ್ರ ವಿಂಗಡಿಸಿ ಮಾರುವ ಕೆಲಸ ಲಂಡನ್ನಿನಲ್ಲಿ ನಡೆಯುತ್ತಿತ್ತು. 2013ರಲ್ಲಿ ಅದನ್ನು ತನ್ನ ರಾಜಧಾನಿ ಗ್ಯಾಬೊರೋನ್‌ಗೆ ತರಿಸಿಕೊಂಡಿತು. ಅಡಿಕೆಯವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ರಾಶಿ ಯಾವುದು, ಬೆಟ್ಟೆ ಯಾವುದು, ಗೊರಬಲು ಯಾವುದು ಅಂತ ಬೇರೆ ಮಾಡುವವನ ಬೆರಳಲ್ಲೇ ದುಡ್ಡಿರುವುದು. ಪಾಪ, ಈಗ ವಜ್ರದ ದರವೇ ಬಿದ್ದು ಅವರೂ ಒದ್ದಾಡುತ್ತಿದ್ದಾರೆ.

ಕ್ಷಮೆ, ಪರಿಹಾರ ಏನಾದರೂ?

ಕೀನ್ಯಾದಲ್ಲಿ ಬ್ರಿಟಿಷರ ವಿರುದ್ಧ ನಡೆದ ಮೌ ಮೌ ಹೋರಾಟದಲ್ಲಿ ಚಿತ್ರಹಿಂಸೆ ಅನುಭವಿಸಿದ 5,228 ಜನರಿಗೆ ಬ್ರಿಟನ್ 2013ರಲ್ಲಿ ಸುಮಾರು 2 ಕೋಟಿ ಪೌಂಡ್ ಕೊಟ್ಟಿತು. ಅದೂ ಮುದುಕ ಮುದುಕಿಯರು ಲಂಡನ್ ಕೋರ್ಟಿಗೆ ಹೋದ ಮೇಲೆ. ನಮೀಬಿಯಾದಲ್ಲಿ 1904–08ರ ನರಮೇಧಕ್ಕೆ ಜರ್ಮನಿ 2021ರಲ್ಲಿ 110 ಕೋಟಿ ಯೂರೋ ಕೊಡಲು ಒಪ್ಪಿತು, 30 ವರ್ಷದಲ್ಲಿ, ಪರಿಹಾರ ಅನ್ನುವ ಪದ ಬಳಸದೆ. ಜಲಿಯನ್‌ವಾಲಾ ಬಾಗಿಗೆ ಬ್ರಿಟನ್ ವಿಷಾದ ಹೇಳಿದೆ, ಕ್ಷಮೆ ಕೇಳಿಲ್ಲ. ಎರಡಕ್ಕೂ ವ್ಯತ್ಯಾಸ ಏನು ಅಂದರೆ, ಒಂದಕ್ಕೆ ಬಿಲ್ಲು ಬರುತ್ತದೆ.

ಈಗ ಚೀನಾ ಹೊಸ ಸಾಹುಕಾರನಾ?

ಒಂದು ಮಟ್ಟಿಗೆ ಹೌದು. ಶ್ರೀಲಂಕಾ ಹಂಬನ್‌ತೋಟ ಬಂದರನ್ನು 2017ರಲ್ಲಿ 99 ವರ್ಷಕ್ಕೆ ಗುತ್ತಿಗೆ ಕೊಟ್ಟಿತು. 1898ರಲ್ಲಿ ಬ್ರಿಟನ್ ಹಾಂಗ್‌ಕಾಂಗ್ ಪಕ್ಕದ ನೆಲವನ್ನು ಚೀನಾದಿಂದ ಪಡೆದದ್ದೂ 99 ವರ್ಷಕ್ಕೇ! ಆದರೆ 2022ರಲ್ಲಿ ಶ್ರೀಲಂಕಾ ಕೈ ಚೆಲ್ಲಿದಾಗ ಅದರ ವಿದೇಶಿ ಸಾಲದಲ್ಲಿ ದೊಡ್ಡ ಪಾಲು ಇದ್ದದ್ದು ಚೀನಾದ್ದಲ್ಲ, ಅಂತಾರಾಷ್ಟ್ರೀಯ ಮಾರುಕಟ್ಟೆಯ ಬಾಂಡುಗಳದ್ದು.

ಭಾಷೆಯ ವಿಷಯ ಯಾಕೆ ಬರೆದಿಲ್ಲ?

ಬರೆದರೆ ಮುಗಿಯುವುದಿಲ್ಲ. ಕೀನ್ಯಾದ ಗೂಗಿ ವಾ ಥಿಯಾಂಗೊ ಇಂಗ್ಲಿಷಿನಲ್ಲಿ ಹೆಸರು ಮಾಡಿದ್ದವರು, ಅದನ್ನು ಬಿಟ್ಟು ಗಿಕುಯು ಭಾಷೆಗೆ ತಿರುಗಿದರು. ಆ ಭಾಷೆಯಲ್ಲಿ ನಾಟಕ ಆಡಿಸಿದ್ದಕ್ಕೆ ಜೈಲಿಗೆ ಹಾಕಿದರು. ಹಾಕಿದ್ದು ಸ್ವತಂತ್ರ ಕೀನ್ಯಾದ ಸರಕಾರ. ಜೈಲಿನ ಶೌಚದ ಕಾಗದದ ಮೇಲೆ ಕಾದಂಬರಿ ಬರೆದರು. ಕುಪ್ಪಳಿಯ ಕುವೆಂಪು ಕನ್ನಡ ಮಾಧ್ಯಮಕ್ಕಾಗಿ ಜೀವನವಿಡೀ ವಾದಿಸಿದರು. ನಮ್ಮ ಗ್ರಂಥಾಲಯಕ್ಕೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂ. ನನ್ನ ಮಗಳೂ ಅಷ್ಟೇ.

ನಾವು ಚಿಕ್ಕ ದೇಶಗಳ ಜೊತೆ ಹೇಗಿದ್ದೇವೆ? ಶ್ರೀಲಂಕಾದ ಮೆಣಸಿಗೆ ಬಯ್ಯುವವರು ನಾವೇ ಅಲ್ವಾ?

ಸಿಕ್ಕಿಹಾಕಿಸಿದಿರಿ. ಶ್ರೀಲಂಕಾ ಜೊತೆ ಮುಕ್ತ ವ್ಯಾಪಾರ ಒಪ್ಪಂದ 2000ದಿಂದ ಇದೆ. ಆ ದಾರಿಯಲ್ಲಿ ಮೆಣಸು ಬಂದು ದರ ಬಿದ್ದಾಗ ನಾವೆಲ್ಲ ಕೂಗಿದೆವು. 2017ರ ಕೊನೆಗೆ ಸರಕಾರ ಆಮದಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ದರ ಗೊತ್ತು ಮಾಡಿತು. ನಾನೂ ಪಟಾಕಿ ಹೊಡೆದೆ. ಅಲ್ಲಿನ ಬೆಳೆಗಾರ ಆವತ್ತು ನಮ್ಮನ್ನು ಏನೆಂದು ಬಯ್ದನೋ, ಅವನ ಕಣ್ಣಿಗೆ ಕೊಳಗ ದೆಹಲಿಯಲ್ಲಿದೆ.

ನೀವು ಯಾಕೆ ಈ ವಿಷಯದ ಹಿಂದೆ ಬಿದ್ದಿರಿ?

ಒಂದು ವರ್ಷ ಮೆಣಸು ಚೆನ್ನಾಗಿ ಒಣಗಿಸಿದ್ದೆ. ಅಂಗಳದಲ್ಲಿ ಐದು ಬಿಸಿಲು, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನುತ್ತಿತ್ತು. ಮಾರುವಲ್ಲಿಗೆ ಒಯ್ದೆ. ಅಲ್ಲಿಯವರು ಚೀಲದ ಬುಡಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದರು, ಸಣ್ಣ ಯಂತ್ರಕ್ಕೆ ಸುರಿದರು, ಪರದೆಯನ್ನು ತಮ್ಮ ಕಡೆ ತಿರುಗಿಸಿ ನೋಡಿ "ತೇವ ಜಾಸ್ತಿ ಇದೆ" ಅಂದರು. ಕ್ವಿಂಟಲ್‌ಗೆ ಮೂರು ಕೆಜಿ ಕಡಿತ. ನಂಬರ್ ತೋರಿಸಿ ಅಂದೆ. "ನಿಮ್ಗೆ ಅದೆಲ್ಲ ಯಾಕೆ?" ಅಂದರು. ಅವರ ಹತ್ತಿರ ಮುಂಗಡ ಪಡೆದಿದ್ದೆ, ಸುಮ್ನಾದೆ.

ಆವತ್ತು ಸಂಜೆ ಗ್ರಂಥಾಲಯಕ್ಕೆ ಹೋದಾಗ ಯಾರೋ ಸಿಎಫ್‌ಎ ಫ್ರಾಂಕಿನ ಬಗ್ಗೆ ಒಂದು ಲೇಖನ ಓದುತ್ತಿದ್ದರು. ಹೀಗೆ ಶುರುವಾಯಿತು. ಮರುವರ್ಷ ನಾವು ಆರು ಮನೆಯವರು ದುಡ್ಡು ಹಾಕಿ ನಮ್ಮದೇ ಒಂದು ತೇವಾಂಶದ ಮೀಟರ್ ತಂದೆವು. ಮೊದಲ ಸಲ ಅದನ್ನು ಕಂಕುಳಲ್ಲಿ ಹಿಡಿದು ಹೋದಾಗ ಅದೇ ಮನುಷ್ಯ ನನ್ನನ್ನೂ ಮೀಟರನ್ನೂ ನೋಡಿದರು. ಕೂರಿಸಿ ಟೀ ತರಿಸಿದರು. ಆ ಸಲ ಕಡಿತ ಅರ್ಧ ಕೆಜಿ.